ನಿಮಗಿದು ಗೊತ್ತೇ? ಸೈಕಲ್ ಮೀಟರ್ ಎಣಿಸುವುದು ಸುತ್ತು ಮಾತ್ರ!

ಹ್ಯಾಂಡಲಿನ ಮೇಲೆ ಕೂತು ವೇಗ, ದೂರ, ಸಮಯ, ಸರಾಸರಿ ಎಲ್ಲವನ್ನೂ ತೋರಿಸುವ ಪುಟ್ಟ ಸೈಕಲ್ ಕಂಪ್ಯೂಟರಿಗೆ ನಿಜಕ್ಕೂ ತಿಳಿಯುವುದು ಒಂದೇ ಸಂಗತಿ: ಚಕ್ರ ಒಂದು ಸುತ್ತು ಬಂತು. ಅಷ್ಟೇ. ಮಿಕ್ಕಿದ್ದೆಲ್ಲ ತನ್ನೊಳಗಿನ ಗಡಿಯಾರವನ್ನೂ ನೀವು ಅದಕ್ಕೆ ಕೊಟ್ಟ ಒಂದು ಅಂಕಿಯನ್ನೂ, ಅಂದರೆ ಚಕ್ರದ ಸುತ್ತಳತೆಯನ್ನೂ, ಇಟ್ಟುಕೊಂಡು ಅದು ಮಾಡುವ ಗುಣಾಕಾರ, ಭಾಗಾಕಾರ. ಆ ಅಂಕಿ ಸರಿ ಇದ್ದರೆ ಅಗ್ಗದ ಮೀಟರೂ ಸರಿಯಾದ ಲೆಕ್ಕ ಕೊಡುತ್ತದೆ. ತಪ್ಪಿದ್ದರೆ ದುಬಾರಿ ಮೀಟರಿನ ಲೆಕ್ಕವೂ ತಪ್ಪೇ.

ಸುತ್ತು ಗೊತ್ತಾಗುವುದು ಹೇಗೆ? ಮುಂದಿನ ಚಕ್ರದ ಕಡ್ಡಿಯೊಂದಕ್ಕೆ ಸಣ್ಣ ಅಯಸ್ಕಾಂತ ಕಚ್ಚಿಸಿರುತ್ತಾರೆ. ಅದಕ್ಕೆ ಎದುರಾಗಿ ಫೋರ್ಕಿನ ಕಾಲಿಗೆ ಸೆನ್ಸರ್ ಕಟ್ಟಿರುತ್ತಾರೆ. ಸೆನ್ಸರಿನೊಳಗೆ ಗಾಜಿನ ಕೊಳವೆ, ಅದರೊಳಗೆ ಒಂದನ್ನೊಂದು ಮುಟ್ಟದಂತೆ ನಿಂತ ಎರಡು ತೆಳು ಲೋಹದ ಪಟ್ಟಿ. ಅಯಸ್ಕಾಂತ ಮುಂದೆ ಹಾದಾಗ ಪಟ್ಟಿಗಳು ಕೂಡುತ್ತವೆ, ದಾಟಿದೊಡನೆ ಬಿಡುತ್ತವೆ. ಇದರ ಹೆಸರು ರೀಡ್ ಸ್ವಿಚ್. 1936ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ವಾಲ್ಟರ್ ಎಲ್‌ವುಡ್ ರೂಪಿಸಿದ ಈ ಸ್ವಿಚ್ಚು ಮೊದಲು ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ದುಡಿಯಿತು. ಬಾಗಿಲು ತೆಗೆದೊಡನೆ ಕೂಗುವ ಕಳ್ಳರ ಅಲಾರಂನಲ್ಲೂ ಸಾಮಾನ್ಯವಾಗಿ ಇರುವುದು ಇದೇ.

ಗಂಟೆಗೆ 20 ಕಿ.ಮೀ. ವೇಗದಲ್ಲಿ 700×25ಸಿ ಟಯರಿನ ಚಕ್ರ ಸೆಕೆಂಡಿಗೆ ಎರಡೂವರೆ ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ. 20 ಕಿ.ಮೀ. ಮುಗಿಯುವಷ್ಟರಲ್ಲಿ ಸುಮಾರು 9,500 ಸುತ್ತು!

ಚಕ್ರದ ಸುತ್ತು ಎಣಿಸಿ ದೂರ ಅಳೆಯುವ ಉಪಾಯಕ್ಕೆ ಎರಡು ಸಾವಿರ ವರ್ಷ ವಯಸ್ಸಾಗಿದೆ. ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ತನ್ನ ಗ್ರಂಥದಲ್ಲಿ ಬಂಡಿಗೆ ಜೋಡಿಸುವ ದೂರಮಾಪಕವೊಂದನ್ನು ವಿವರಿಸಿದ್ದಾನೆ. ಚಕ್ರದ ಸುತ್ತಳತೆ ಹನ್ನೆರಡೂವರೆ ರೋಮನ್ ಅಡಿ. 400 ಸುತ್ತಿಗೆ 5,000 ಅಡಿ, ಅಂದರೆ ಸರಿಯಾಗಿ ಒಂದು ರೋಮನ್ ಮೈಲಿ. ಮೈಲಿ ಮುಗಿದಾಗಲೆಲ್ಲ ಒಂದು ಕಲ್ಲುಹರಳು ಕಂಚಿನ ಪಾತ್ರೆಯೊಳಗೆ ಸದ್ದು ಮಾಡಿ ಬೀಳುತ್ತಿತ್ತು. ಸಂಜೆ ಹರಳು ಎಣಿಸಿದರೆ ಎಷ್ಟು ಮೈಲಿ ಬಂದೆವೆಂದು ತಿಳಿಯುತ್ತಿತ್ತು. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದ ರಸ್ತೆಗಳ ಉದ್ದ ಅಳೆಯಲು ಸರ್ವೆಯವರು ನೂಕಿಕೊಂಡು ಹೋಗುತ್ತಿದ್ದ 'ಪೆರಾಂಬುಲೇಟರ್' ಚಕ್ರದ್ದೂ ಇದೇ ಲೆಕ್ಕ.

ಸೈಕಲ್ಲಿಗೆ ಈ ಎಣಿಕೆಯನ್ನು ಮನೆಮಾತು ಮಾಡಿದವನು ಅಮೆರಿಕದ ಹಾರ್ಟ್‌ಫರ್ಡ್‌ನ ಕರ್ಟಿಸ್ ವೀಡರ್. 1895ರ ಅವನ ಸೈಕ್ಲೋಮೀಟರಿನಲ್ಲಿ ಸೆಲ್ ಇಲ್ಲ, ವೈರ್ ಇಲ್ಲ. ಕಡ್ಡಿಗೆ ಬಿಗಿದ ಮೊಳೆ ಪ್ರತಿ ಸುತ್ತಿಗೂ ನಕ್ಷತ್ರದಾಕಾರದ ಪುಟ್ಟ ಗಾಲಿಯನ್ನು ಒಂದು ಹಲ್ಲು ಮುಂದಕ್ಕೆ ತಳ್ಳುತ್ತಿತ್ತು. 28 ಇಂಚಿನ ಚಕ್ರಕ್ಕೆ ಬೇರೆ ಮೀಟರ್, 26 ಇಂಚಿಗೆ ಬೇರೆ. ಮುಂದೆ ವೀಡರ್-ರೂಟ್ ಎಂದಾದ ಆ ಕಂಪನಿ ಪೆಟ್ರೋಲ್ ಬಂಕಿನ ಎಣಿಕೆ ಯಂತ್ರಗಳಿಗೆ ಜಗತ್ತಿನಲ್ಲೇ ಹೆಸರು ಮಾಡಿತು.

ಈಗಿನ ಮೀಟರಿಗೆ ನಾವೇ ಚಕ್ರದ ಸುತ್ತಳತೆ ಹೇಳಿಕೊಡಬಹುದು. ಕೆಲವರು ಎಡವುವುದೂ ಇಲ್ಲೇ. ಪೆಟ್ಟಿಗೆ ಬಿಚ್ಚಿ, ಅದು ತಾನಾಗಿ ತೋರಿಸಿದ ಅಂಕಿಗೇ ಒತ್ತಿ, ಹೊರಟುಬಿಡುತ್ತಾರೆ.

ಸಾಮಾನ್ಯ ಅಳತೆಗಳು ಹೀಗಿವೆ: 700×23ಸಿ ಟಯರಿಗೆ 2,096 ಮಿಲಿಮೀಟರ್, 700×25ಸಿಗೆ 2,105, 700×28ಸಿಗೆ 2,136, 700×32ಸಿಗೆ 2,155, 26×1.95ಕ್ಕೆ 2,050. ಟಯರಿನ ಪಕ್ಕದಲ್ಲಿ ಉಬ್ಬು ಅಕ್ಷರದಲ್ಲಿ ಬರೆದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ ಓದಿ. 32ಸಿ ಟಯರ್ ಹಾಕಿಕೊಂಡು ಮೀಟರಿನಲ್ಲಿ 23ಸಿ ಅಂಕಿಯನ್ನೇ ಬಿಟ್ಟರೆ ನೀವು 100 ಕಿ.ಮೀ. ತುಳಿದರೂ ಅದು 97 ಚಿಲ್ಲರೆ ತೋರಿಸುತ್ತದೆ.

29 ಇಂಚಿನ ಎಂಟಿಬಿ (ಮೌಂಟನ್ ಬೈಕ್) ಮತ್ತು 700ಸಿ ರೋಡ್ ಸೈಕಲ್ ಎರಡರ ರಿಮ್ಮೂ ಒಂದೇ ಅಳತೆ, 622 ಮಿ.ಮೀ. ಎಂಬುದು ಗೊತ್ತೇ? ಹಾಗಂತ ಮೀಟರಿಗೆ ಎರಡೂ ಒಂದೇ ಅಲ್ಲ. ದಪ್ಪ ಟಯರು ಕೂತ 29×2.1ರ ಸುತ್ತಳತೆ ಸುಮಾರು 2,288 ಮಿ.ಮೀ. 700×23ಸಿ ಅಂಕಿಯನ್ನು ಅದಕ್ಕೆ ಕೊಟ್ಟರೆ ನೂರಕ್ಕೆ ಎಂಟರಷ್ಟು ದೂರ ಮಾಯ.

ನಮ್ಮ ಹಾಲಿನವರು, ಪೇಪರಿನವರು, ಪೋಸ್ಟಿನವರು ತುಳಿದ ಕರಿ ಸೈಕಲ್ಲಿನ 28×1½ ಚಕ್ರ ಇವೆರಡಕ್ಕಿಂತ ಬೇರೆ. ಅದರ ರಿಮ್ಮು 635 ಮಿ.ಮೀ. ಸುತ್ತಳತೆ ಎರಡೂಕಾಲು ಮೀಟರಿನ ಆಸುಪಾಸು. ಕೈಪಿಡಿಯ ಪಟ್ಟಿಯಲ್ಲಿ ಅದು ಕಾಣದಿದ್ದರೆ ಚಿಂತೆ ಬೇಡ, ಅಳೆದು ಹಾಕಿ. ಪಟ್ಟಿಯಲ್ಲಿ ಇದ್ದರೂ ಅಳೆದು ಹಾಕುವುದೇ ಒಳ್ಳೆಯದು ಎನ್ನುವುದು ನನ್ನ ಬಲವಾದ ಅಭಿಪ್ರಾಯ. ಒಂದೇ ಹೆಸರಿನ ಟಯರುಗಳು ಕಂಪನಿಯಿಂದ ಕಂಪನಿಗೆ ಒಂದಿಷ್ಟು ದಪ್ಪ, ಒಂದಿಷ್ಟು ತೆಳು ಬರುತ್ತವೆ.

ಅಳೆಯುವ ಕೆಲಸ ಐದೇ ನಿಮಿಷದ್ದು. ಟಯರಿಗೆ ದಿನವೂ ಇಡುವಷ್ಟೇ ಗಾಳಿ ಹೊಡೆಯಿರಿ. ಸಮತಟ್ಟಾದ ಸಿಮೆಂಟ್ ನೆಲದಲ್ಲಿ ಮುಂಚಕ್ರದ ವಾಲ್ವ್ ನೇರ ಕೆಳಕ್ಕೆ ಬರುವಂತೆ ಸೈಕಲ್ ನಿಲ್ಲಿಸಿ, ಅದರ ಬುಡಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಈಗ ಸೀಟಿನ ಮೇಲೆ ಕೂತು, ಮನೆಯವರೊಬ್ಬರಿಂದ ಹಿಡಿಸಿಕೊಂಡು, ನೇರವಾಗಿ ಮುಂದಕ್ಕೆ ಸಾಗಿ. ವಾಲ್ವ್ ಮೂರನೆಯ ಸಲ ಕೆಳಕ್ಕೆ ಬಂದಲ್ಲಿ ಇನ್ನೊಂದು ಗೆರೆ. ನಡುವಿನ ದೂರವನ್ನು ಟೇಪಿನಿಂದ ಅಳೆದು ಮೂರರಿಂದ ಭಾಗಿಸಿ. ಕೂತೇ ಅಳೆಯಬೇಕು ಏಕೆಂದರೆ ಮೈಭಾರಕ್ಕೆ ಟಯರು ಅದುಮಿಕೊಂಡು, ಚಕ್ರ ಒಂದು ಸುತ್ತಿಗೆ ಸಾಗುವ ದೂರ ಕೆಲವು ಮಿಲಿಮೀಟರ್ ಕಡಿಮೆಯಾಗುತ್ತದೆ. ಒಂದರ ಬದಲು ಮೂರು ಸುತ್ತು ಏಕೆಂದರೆ ಗೆರೆ ಎಳೆಯುವಾಗ ಆಚೀಚೆ ಆದ ತಪ್ಪು ಮೂರು ಪಾಲಾಗಿ ಹಂಚಿಹೋಗುತ್ತದೆ.

20ರ ವೇಗದಲ್ಲಿ ಹೋಗುತ್ತಿದ್ದೀರಿ ಅನ್ನಿಸುವಾಗ ಮೀಟರ್ 12 ತೋರಿಸುತ್ತಿದೆಯೇ? ಅದು ಮೈಲಿಯಲ್ಲಿ ಲೆಕ್ಕ ಹೇಳುತ್ತಿದೆ. ಸೆಟ್ಟಿಂಗಿನಲ್ಲಿ ಕಿ.ಮೀ.ಗೆ ಬದಲಿಸಿ.

ಇದೇ ಚಕ್ರದ ಎಣಿಕೆಯನ್ನು ಜಗತ್ತು ಎಷ್ಟು ನಂಬುತ್ತದೆ ಎಂದರೆ, ಮ್ಯಾರಥಾನ್ ಓಟದ ಹಾದಿ ಅಳೆಯುವುದು ಸೈಕಲ್ಲಿನಿಂದಲೇ! ಕಾರಿನ ಮೀಟರಲ್ಲ, ಜಿಪಿಎಸ್ ಅಲ್ಲ. ಬ್ರಿಟನ್ನಿನ ಜಾನ್ ಜುವೆಲ್, ಅಮೆರಿಕದ ಓಟಗಾರ ಟೆಡ್ ಕಾರ್ಬಿಟ್ 1960ರ ದಶಕದಲ್ಲಿ ಈ ವಿಧಾನಕ್ಕೆ ಶಿಸ್ತು ತಂದರು. ಮುಂಚಕ್ರದ ಅಚ್ಚಿನ ಬಳಿ 'ಜೋನ್ಸ್ ಕೌಂಟರ್' ಎಂಬ ಹಲ್ಲುಗಾಲಿಯ ಎಣಿಕೆ ಯಂತ್ರ ಕೂರಿಸುತ್ತಾರೆ. ಅದು ಒಂದೊಂದು ಸುತ್ತನ್ನೂ ಇಪ್ಪತ್ತಕ್ಕೂ ಹೆಚ್ಚು ಭಾಗ ಮಾಡಿ ಎಣಿಸುತ್ತದೆ. ಮೊದಲು ಉಕ್ಕಿನ ಟೇಪಿನಿಂದ ಅಳೆದ ನೇರ ರಸ್ತೆಯಲ್ಲಿ ನಾಲ್ಕು ಸಲ ಓಡಿಸಿ ಎಣಿಕೆ ಬರೆದುಕೊಳ್ಳುತ್ತಾರೆ. ಆಮೇಲೆ ಓಟದ ಹಾದಿ ಅಳೆಯುತ್ತಾರೆ. ಮುಗಿಸಿ ಬಂದು ಅದೇ ನೇರ ರಸ್ತೆಯಲ್ಲಿ ಮತ್ತೆ ನಾಲ್ಕು ಸಲ ಓಡಿಸುತ್ತಾರೆ. ಯಾಕೆ? ಬೆಳಗಿನ ತಂಪಿನಿಂದ ಬಿಸಿಲಿಗೆ ಬರುವಷ್ಟರಲ್ಲಿ ಟಯರಿನೊಳಗಿನ ಗಾಳಿ ಹಿಗ್ಗಿ ಚಕ್ರ ಕೂದಲೆಳೆಯಷ್ಟು ದೊಡ್ಡದಾಗಿರುತ್ತದೆ. ತಿರುವಿನಲ್ಲಿ ಅಂಚಿನಿಂದ 30 ಸೆಂಟಿಮೀಟರ್ ದೂರದಲ್ಲೇ ಸೈಕಲ್ ಹೋಗಬೇಕು. ಅಷ್ಟಾದ ಮೇಲೂ ಹಾದಿ ಕಡಿಮೆ ಬೀಳದಿರಲಿ ಎಂದು ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚು ಸೇರಿಸುತ್ತಾರೆ. ವಿಶ್ವ ಅಥ್ಲೆಟಿಕ್ಸ್ ಮಾನ್ಯತೆ ಇರುವ ಬೆಂಗಳೂರಿನ ವರ್ಲ್ಡ್ 10ಕೆಯಂಥ ಓಟಗಳ ಹಾದಿಗೂ ಇದೇ ನಿಯಮ. ಸಾವಿರಕ್ಕೆ ಒಂದರಷ್ಟು ತಪ್ಪನ್ನೂ ಬಿಡದ ಆ ಎಚ್ಚರ ನೋಡಿದಾಗ, ನಮ್ಮ ಸೈಕಲ್ಲಿಗೆ ಒಂದು ಸಲ ಟೇಪು ಹಿಡಿಯುವುದು ಏನೂ ಅಲ್ಲ.

ಹಾಗಾದರೆ ಮೊಬೈಲಿನ ಜಿಪಿಎಸ್ ಇರುವಾಗ ಈ ಮೀಟರ್ ಯಾಕೆ? ಜಿಪಿಎಸ್ ನೀವಿದ್ದ ಜಾಗಗಳನ್ನು ಬಿಂದುಗಳಾಗಿ ಗುರುತಿಸಿ ಗೆರೆ ಕೂಡಿಸುತ್ತದೆ. ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ಬಿಂದು ವಿರಳವಾದರೆ ತಿರುವನ್ನು ಅಡ್ಡ ಕತ್ತರಿಸಿಬಿಡುತ್ತದೆ. ದಟ್ಟ ಮರಗಳ ಕೆಳಗೆ, ಸುರಂಗದಲ್ಲಿ, ಎತ್ತರದ ಕಟ್ಟಡಗಳ ಸಂದಿಯಲ್ಲಿ ತಡವರಿಸುತ್ತದೆ. ಚಕ್ರಕ್ಕೆ ಆಕಾಶ ಕಾಣಬೇಕಿಲ್ಲ. ಅದು ನೆಲವನ್ನು ಮುಟ್ಟಿಕೊಂಡೇ ಅಳೆಯುತ್ತದೆ. ದಾರಿ ತೋರಿಸುವ ನಕ್ಷೆ ಬೇಕಾದರೆ ಮಾತ್ರ ಜಿಪಿಎಸ್‌ಗೆ ಸರಿಸಾಟಿ ಇಲ್ಲ. ದಿನವೂ ಅದೇ ರಸ್ತೆಯಲ್ಲಿ ಆಫೀಸಿಗೆ ಹೋಗಿಬರುವವರಿಗೆ ನಕ್ಷೆ ಬೇಕಿಲ್ಲ.

ಕೊಳ್ಳುವಾಗ ಮೊದಲು ನೋಡಬೇಕಾದದ್ದು ಫಂಕ್ಷನ್‌ಗಳ ಸಂಖ್ಯೆಯನ್ನಲ್ಲ, ವೇಗದ ಅಂಕಿ ಎಷ್ಟು ದೊಡ್ಡದು ಎಂಬುದನ್ನು. ಕೈ ಚಾಚಿದಷ್ಟು ದೂರದಿಂದ, ಓದುವ ಕನ್ನಡಕ ಇಲ್ಲದೆ, ಒಂದೇ ನೋಟಕ್ಕೆ ಕಾಣಬೇಕು. ಗಂಟೆಗೆ 30 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡ್ ಕಣ್ಣು ಕೆಳಗಿಟ್ಟರೆ ಸೈಕಲ್ 16 ಮೀಟರಿಗಿಂತ ಹೆಚ್ಚು ದೂರ ಹೋಗಿರುತ್ತದೆ. ನಮ್ಮ ರಸ್ತೆಗಳಲ್ಲಿ ಅಷ್ಟರೊಳಗೆ ಒಂದು ಹಂಪು, ಒಂದು ಗುಂಡಿ, ಒಂದು ನಾಯಿ ಎದುರಾಗಲು ಜಾಗ ಬೇಕಾದಷ್ಟಿದೆ. ಆಮೇಲೆ ನೋಡಬೇಕಾದವು: ಸುತ್ತಳತೆಯನ್ನು ಮಿಲಿಮೀಟರಿನಲ್ಲಿ ಹಾಕಲು ಬರುತ್ತದೆಯೇ, ಸೆಲ್ ಬದಲಿಸಿದ ಮೇಲೆ ಹಳೆಯ ಒಟ್ಟು ದೂರವನ್ನು ಮತ್ತೆ ತುಂಬಲು ಬರುತ್ತದೆಯೇ, ಸೆಲ್ ಎಲ್ಲ ಕಡೆ ಸಿಗುವಂಥದೇ, ಬೆಳಿಗ್ಗೆ ಐದಕ್ಕೆ ಹೊರಡುವವರಾದರೆ ಒಳಗೆ ಬೆಳಕಿದೆಯೇ. ವೇಗ, ಈ ಸವಾರಿಯ ದೂರ, ಒಟ್ಟು ದೂರ, ಸವಾರಿಯ ಸಮಯ, ಸರಾಸರಿ, ಗಡಿಯಾರ. ಇಷ್ಟಿದ್ದರೆ ಸಾಕು.

ವೈರ್ ಇರುವುದೋ, ಇಲ್ಲದ್ದೋ? ಮೊದಲ ಮೀಟರಾದರೆ ವೈರ್ ಇರುವುದನ್ನೇ ಕೊಳ್ಳಿ ಎನ್ನುತ್ತೇನೆ. ಬೆಲೆ ಕಡಿಮೆ, ಒಂದೇ ಸೆಲ್, ಕೆಟ್ಟರೆ ಎಲ್ಲಿ ಕೆಟ್ಟಿದೆ ಎಂದು ಹುಡುಕುವುದು ಸುಲಭ. ವೈರ್‌ಲೆಸ್ ಆದರೆ ಸೆನ್ಸರಿಗೂ ಬೇರೆ ಸೆಲ್ ಬೇಕು. ಹಳೆಯ ಬಗೆಯ ಅಗ್ಗದ ವೈರ್‌ಲೆಸ್‌ಗಳ ಸಂಕೇತ ಒಂದು ಮೀಟರ್ ಕೂಡ ತಲುಪುವುದಿಲ್ಲ. ಪಕ್ಕದ ಸವಾರನ ಸೆನ್ಸರ್, ಕೆಲವು ಎಲ್‌ಇಡಿ ಲೈಟುಗಳು, ಹೈಟೆನ್ಷನ್ ಲೈನು ಅದನ್ನು ಕೆಡಿಸಬಲ್ಲವು. ಗರಿಷ್ಠ ವೇಗ 110 ಎಂದು ತೋರಿಸಿದರೆ ಹೆಮ್ಮೆ ಪಡುವ ಮೊದಲು ಇದನ್ನು ನೆನಪಿಸಿಕೊಳ್ಳಿ. ಈಗಿನ ಆಂಟ್ ಪ್ಲಸ್, ಬ್ಲೂಟೂತ್ ಸೆನ್ಸರುಗಳು ತಮ್ಮ ಗುರುತನ್ನೂ ಸೇರಿಸಿ ಕಳಿಸುವುದರಿಂದ ಇಂಥ ಗೊಂದಲ ಕಡಿಮೆ.

ಕಟ್ಟುವಾಗ ಅಯಸ್ಕಾಂತಕ್ಕೂ ಸೆನ್ಸರಿಗೂ ನಡುವೆ ಒಂದರಿಂದ ಐದು ಮಿ.ಮೀ. ಅಂತರ ಇರಲಿ. ಸೆನ್ಸರಿನ ಮೇಲಿನ ಗೆರೆಗೆ ಅಯಸ್ಕಾಂತ ನೇರ ಎದುರಾಗಬೇಕು. ಸಸ್ಪೆನ್ಷನ್ ಫೋರ್ಕಾದರೆ ಚಕ್ರದ ಜೊತೆಗೇ ಮೇಲೆ ಕೆಳಗೆ ಆಡುವ ಕೆಳಗಿನ ಕಾಲಿಗೆ ಕಟ್ಟಿ, ವೈರನ್ನು ತುಸು ಸಡಿಲ ಬಿಡಿ. ವೈರನ್ನು ಮುಂದಿನ ಬ್ರೇಕ್ ಕೇಬಲ್ಲಿಗೆ ಸುತ್ತಿಕೊಂಡು ತಂದರೆ ಎಲ್ಲೂ ತೊಡರುವುದಿಲ್ಲ. ಹ್ಯಾಂಡಲನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಪೂರ್ತಿ ತಿರುಗಿಸಿ ನೋಡಿ, ಆಮೇಲೆ ಜಿಪ್ ಟೈ ಬಿಗಿಯಿರಿ.

ಮೀಟರ್ ಸೊನ್ನೆಯಲ್ಲೇ ನಿಂತಿದೆಯೇ? ಬಿಸಾಡಬೇಡಿ. ವೈರ್ ಇರುವುದಾದರೆ ಮೀಟರನ್ನು ಕಳಚಿ ತಿರುಗಿಸಿ. ಬೆನ್ನಿನಲ್ಲಿ ಎರಡು ಲೋಹದ ಬೊಟ್ಟು ಕಾಣುತ್ತವೆ. ಒಂದು ನಾಣ್ಯದ ಅಂಚಿನಿಂದ ಎರಡನ್ನೂ ಒಟ್ಟಿಗೆ ಟಕಟಕನೆ ಮುಟ್ಟಿ ಬಿಡಿ. ವೇಗದ ಅಂಕಿ ಬಂತೆಂದರೆ ಮೀಟರ್ ಸರಿಯಾಗಿದೆ. ತೊಂದರೆ ಇರುವುದು ವೈರಿನಲ್ಲಿ, ಸೆನ್ಸರಿನಲ್ಲಿ ಅಥವಾ ಜಾರಿಹೋದ ಅಯಸ್ಕಾಂತದಲ್ಲಿ. ಮಳೆಗಾಲದಲ್ಲಿ ಆ ಬೊಟ್ಟುಗಳಿಗೆ ಕಿಲುಬು ಹಿಡಿದಿದ್ದರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದರೂ ಸಾಕು.

ತಂಪು ಕನ್ನಡಕ ಹಾಕಿದಾಗ ಪರದೆ ಕಪ್ಪಾಗಿ ಕಂಡರೆ ಅದು ಕೆಟ್ಟಿಲ್ಲ. ಎಲ್‌ಸಿಡಿ, ಅಂದರೆ ದ್ರವಸ್ಫಟಿಕದ ಪರದೆ, ಕೆಲಸ ಮಾಡುವುದೇ ಪೋಲರೈಸ್ ಆದ ಬೆಳಕಿನಿಂದ. ಪೋಲರೈಸ್ಡ್ ಕನ್ನಡಕ ಕೆಲವು ಕೋನದಲ್ಲಿ ಅದನ್ನು ಪೂರ್ತಿ ತಡೆಯುತ್ತದೆ. ಉರಿಬಿಸಿಲಲ್ಲಿ ನಿಲ್ಲಿಸಿದ ಸೈಕಲ್ಲಿನ ಪರದೆ ಪೂರ್ತಿ ಕಪ್ಪಾಗುವುದೂ ಉಂಟು. ನೆರಳಿಗೆ ತಂದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆ ಪರದೆಯೊಳಗಿನ ದ್ರವಸ್ಫಟಿಕಗಳ ವಿಜ್ಞಾನಕ್ಕೆ ನಮ್ಮ ನಾಡಿನ ಕೊಡುಗೆ ದೊಡ್ಡದು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ವಿಭಾಗ ಕಟ್ಟಿದ ಎಸ್. ಚಂದ್ರಶೇಖರ್ ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು. ಅಲ್ಲಿ 1977ರಲ್ಲಿ ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಜೊತೆಗೂಡಿ, ತಟ್ಟೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವೆಂದು ಜಗತ್ತಿಗೆ ಮೊದಲು ತೋರಿಸಿದರು. ಅಲ್ಲಿಯವರೆಗೆ ಅದು ಕಡ್ಡಿಯಾಕಾರದ ಅಣುಗಳ ಗುಣವೆಂದೇ ತಿಳಿದಿದ್ದರು.

ಈಗ ಸರಾಸರಿಯ ವಿಷಯ. ನಂದಿ ಬೆಟ್ಟವನ್ನು ಗಂಟೆಗೆ 10 ಕಿ.ಮೀ. ವೇಗದಲ್ಲಿ ಹತ್ತಿ, ಅದೇ ದಾರಿಯಲ್ಲಿ 40ರಲ್ಲಿ ಇಳಿದರೆ ಸರಾಸರಿ ಎಷ್ಟು? 25 ಎಂದಿರಾ? ಮೀಟರ್ ತೋರಿಸುವುದು 16! ಹತ್ತಲು ಹಿಡಿಯುವ ಸಮಯ ಇಳಿಯುವುದರ ನಾಲ್ಕರಷ್ಟು. ಹಾಗಾಗಿ ನಿಧಾನದ ವೇಗಕ್ಕೇ ಲೆಕ್ಕದಲ್ಲಿ ತೂಕ ಹೆಚ್ಚು. ಹತ್ತುವಾಗ ಕಳೆದುಕೊಂಡದ್ದನ್ನು ಇಳಿಯುವಾಗ ಪಡೆಯುತ್ತೇನೆಂದು ಬ್ರೇಕ್ ಬಿಟ್ಟು ಇಳಿಯುವವರು ದಯವಿಟ್ಟು ಈ ಲೆಕ್ಕ ಮಾಡಿ ನೋಡಬೇಕು. ಎಷ್ಟೇ ಜೋರಾಗಿ ಇಳಿದರೂ ಈ ಸರಾಸರಿ 20 ಮುಟ್ಟುವುದಿಲ್ಲ, ಅಪಾಯ ಮಾತ್ರ ಏರುತ್ತದೆ.

ಸಿಗ್ನಲ್ಲಿನಲ್ಲಿ ನಿಂತರೆ ಬಹುಪಾಲು ಮೀಟರುಗಳ ಸವಾರಿಯ ಗಡಿಯಾರವೂ ನಿಲ್ಲುತ್ತದೆ. ಅದು ತೋರಿಸುವ ಸರಾಸರಿ ಚಕ್ರ ತಿರುಗುತ್ತಿದ್ದ ಹೊತ್ತಿನದು ಮಾತ್ರ. ಗೊತ್ತುಪಡಿಸಿದ ಸಮಯದೊಳಗೆ ಮುಗಿಸಬೇಕಾದ ಬ್ರೆವೆ ಎಂಬ ದೂರದ ಸವಾರಿಗೆ ಹೋಗುವವರು ಇದನ್ನು ಮರೆಯಬಾರದು. 200 ಕಿ.ಮೀ. ಬ್ರೆವೆಗೆ ಸಿಗುವ ಸಮಯ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ಆ ಗಡಿಯಾರ ತಿಂಡಿಗೂ ನಿಲ್ಲದು, ಪಂಕ್ಚರಿಗೂ ನಿಲ್ಲದು. 200ನ್ನು ಮುಗಿಸಲು ನಿಲುಗಡೆಯೂ ಸೇರಿ ಗಂಟೆಗೆ 15ರ ಹತ್ತಿರ ಸಾಗಿದರೆ ಸಾಕು. ಮೀಟರಿನ ಸರಾಸರಿ 20 ಇದ್ದರೆ ತುಳಿಯಲು ಹತ್ತು ಗಂಟೆ, ಇಡ್ಲಿ, ಎಳನೀರು, ಪಂಕ್ಚರ್ ಎಲ್ಲಕ್ಕೂ ಸೇರಿ ಮೂರೂವರೆ ಗಂಟೆ. ಇಂಥ ಸವಾರಿಗಳ ತಾಯಿ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್. ಅದು 1891ರಲ್ಲಿ ಶುರುವಾಯಿತು. ಈಗ ನಾಲ್ಕು ವರ್ಷಕ್ಕೊಮ್ಮೆ, ಸುಮಾರು 1,200 ಕಿ.ಮೀ., ಗರಿಷ್ಠ 90 ಗಂಟೆ.

ಇಂಥ ಸವಾರಿಯಲ್ಲಿ ದಾರಿಯ ಚೀಟಿಯಲ್ಲಿ '47.3ಕ್ಕೆ ಎಡಕ್ಕೆ' ಎಂದು ಬರೆದಿದ್ದಾಗ ಟ್ರಿಪ್ ದೂರ ಸರಿಯಿದ್ದರೆ ತಿರುವು ತಪ್ಪುವುದಿಲ್ಲ. ಹೊರಡುವ ಗೆರೆಯಲ್ಲೇ ಟ್ರಿಪ್ಪನ್ನು ಸೊನ್ನೆ ಮಾಡಿ.

ಕ್ಯಾಲೊರಿ ತೋರಿಸುವ ಅಗ್ಗದ ಮೀಟರನ್ನು ಆ ವಿಷಯದಲ್ಲಿ ನಂಬಬೇಡಿ. ಅದಕ್ಕೆ ಏರು ಗೊತ್ತಿಲ್ಲ, ಎದುರುಗಾಳಿ ಗೊತ್ತಿಲ್ಲ. ಗಂಟೆಗೆ 8 ಕಿ.ಮೀ. ವೇಗದಲ್ಲಿ ಏದುಸಿರು ಬಿಟ್ಟು ಘಾಟಿ ಹತ್ತಿದರೂ ವೇಗ ಮಾತ್ರ ನೋಡಿ ಲೆಕ್ಕ ಹಾಕುವ ಮೀಟರಿಗೆ ಅದು ಆರಾಮದ ಸವಾರಿಯೇ.

ಅದರ ಬದಲು ಪೆಡಲಿನ ಸುತ್ತು ಎಣಿಸುವ ಕೇಡೆನ್ಸ್ ಇದ್ದರೆ ಒಳ್ಳೆಯದು. ನಿಮಿಷಕ್ಕೆ 80–90 ಸುತ್ತಿನ ಹದದಲ್ಲಿ ಹಗುರ ಗೇರಿನಲ್ಲಿ ತುಳಿಯುವುದು ಅನುಭವಿ ಸವಾರರ ಅಭ್ಯಾಸ. 50ಕ್ಕೆ ಇಳಿದು ಭಾರದ ಗೇರನ್ನು ಒತ್ತಿ ತುಳಿಯುತ್ತಿದ್ದರೆ ಮಂಡಿಯ ಮೇಲೆ ಹೊರೆ ಬೀಳುತ್ತಿದೆ ಎಂದೇ ಅರ್ಥ.

ಇನ್ನು ಒಟ್ಟು ದೂರದ ಮಾತು. ಇಂಗ್ಲೆಂಡಿನ ಟಾಮಿ ಗಾಡ್ವಿನ್ 1939ರ ಒಂದೇ ವರ್ಷದಲ್ಲಿ ಸೈಕಲ್ ತುಳಿದ ದೂರ 75,065 ಮೈಲಿ, ಅಂದರೆ 1,20,800 ಕಿ.ಮೀ.ಗೂ ಹೆಚ್ಚು. ದಿನಕ್ಕೆ 330 ಕಿ.ಮೀ.! ಎಪ್ಪತ್ತಾರು ವರ್ಷ ಆ ದಾಖಲೆಯನ್ನು ಯಾರೂ ಮುರಿಯಲಿಲ್ಲ.

ಮೀಟರಿನಲ್ಲಿ ಹೆಚ್ಚು ಉಪಯೋಗದ ಅಂಕಿ ಯಾವುದು? ವೇಗ ಎನ್ನುವವರು ಬಹಳ. ನಾನು ಒಟ್ಟು ದೂರ ಎನ್ನುತ್ತೇನೆ. ಚೈನ್ ಹಾಕಿಸಿದಾಗ, ಟಯರ್ ಬದಲಿಸಿದಾಗ, ಬ್ರೇಕ್ ರಬ್ಬರ್ ಹೊಸದು ಮಾಡಿದಾಗ ಆ ಅಂಕಿ ಬರೆದಿಡಿ. ಚೈನಿನ ಒಂದೊಂದು ಕೊಂಡಿಯ ಉದ್ದ ಹೊಸದರಲ್ಲಿ ಸರಿಯಾಗಿ ಅರ್ಧ ಇಂಚು. 24 ಕೊಂಡಿಗೆ 12 ಇಂಚು. ಅದು ಹನ್ನೆರಡು ದಾಟಿ ಒಂದು ಇಂಚಿನ ಹದಿನಾರನೇ ಒಂದು ಭಾಗದಷ್ಟು ಉದ್ದವಾದರೆ ಬದಲಿಸುವ ಹೊತ್ತು ಬಂತು. ತಡಮಾಡಿದರೆ ಸವೆದ ಚೈನು ಹಿಂದಿನ ಹಲ್ಲುಗಾಲಿಗಳನ್ನೂ ತಿಂದುಹಾಕುತ್ತದೆ. ಹಿಂದಿನ ಚೈನು ಎಷ್ಟು ಕಿ.ಮೀ. ಬಾಳಿತೆಂದು ಗೊತ್ತಿದ್ದರೆ ಮುಂದಿನದನ್ನು ಯಾವಾಗ ಅಳೆಯಬೇಕೆಂದು ಮೊದಲೇ ತಿಳಿಯುತ್ತದೆ.

ಕೊನೆಗೆ ಮೀಟರಿನ ಸೆಲ್ ಬದಲಿಸುವ ವಿಷಯ. ಅದರ ಮೇಲೆ ಸಾಮಾನ್ಯವಾಗಿ ಬರೆದಿರುವ ಸಿಆರ್2032ರಲ್ಲಿ ಅದರ ಅಳತೆಯೇ ಇದೆ: ಅಗಲ 20 ಮಿ.ಮೀ., ದಪ್ಪ 3.2 ಮಿ.ಮೀ. ತೆಗೆಯುವ ಮೊದಲು ಸುತ್ತಳತೆಯನ್ನೂ ಒಟ್ಟು ದೂರವನ್ನೂ ಬರೆದುಕೊಳ್ಳಿ. ಅನೇಕ ಮಾದರಿಗಳಲ್ಲಿ ಸೆಲ್ ಹೊರಗೆ ಬಂದೊಡನೆ ಎರಡೂ ಅಳಿಸಿಹೋಗುತ್ತವೆ. ತೆಗೆದ ಹಳೆಯ ಸೆಲ್ ಮೇಜಿನ ಮೇಲೆ ಒಂದು ಕ್ಷಣವೂ ಇರಬಾರದು. ಮೀಟರ್ ಓಡಿಸಲು ಶಕ್ತಿ ಸಾಲದ ಸೆಲ್ಲಿನಲ್ಲೂ ಮಗುವಿನ ಗಂಟಲು ಸುಡುವಷ್ಟು ಶಕ್ತಿ ಉಳಿದಿರುತ್ತದೆ. ನುಂಗಿದ ಬಿಲ್ಲೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಗಂಭೀರವಾದ ಸುಟ್ಟಗಾಯ ಆಗಬಹುದು. ಮಗು ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಿ. ಹಳೆಯ ಸೆಲ್ಲಿನ ಎರಡೂ ಮುಖಕ್ಕೆ ಟೇಪು ಅಂಟಿಸಿ, ಮಕ್ಕಳ ಕೈಗೆಟುಕದಲ್ಲಿ ಇಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಟ್ಟುಬಿಡಿ.